ಅವಳ ಫೋನಿಗೆ ಬರುವ ಜಾಹೀರಾತು

ಜನರ ಮೊಬೈಲಿಗೆ ಜಾಹೀರಾತು ಕಳಿಸುವುದೇ ನನ್ನ ಕೆಲಸ. ಯಾರು ಏನು ಹುಡುಕುತ್ತಾರೋ ಅದನ್ನೇ ಅವರ ಕಣ್ಣಮುಂದೆ ತಂದಿಡುತ್ತೇವೆ. ಹೆಂಡತಿ ಬಸುರಿಯಾದಾಗ ಅವಳ ಫೋನಿನ ತುಂಬ ತೊಟ್ಟಿಲುಗಳೇ ಬರತೊಡಗಿದವು, ಇಬ್ಬರೂ ನಕ್ಕಿದ್ದೆವು. ಏಳನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ಹೋಯಿತು. ಆಫೀಸಿನಲ್ಲಿ ಕೂತು ಜಾಹೀರಾತಿನ ಪಟ್ಟಿಯಿಂದ ಅವಳ ನಂಬರನ್ನು ನಾನೇ ತೆಗೆದುಹಾಕಿದೆ.

ಆದರೂ ಜಾಹೀರಾತು ನಿಲ್ಲಲಿಲ್ಲ. ಮೊದಲು ಹಾಲಿನ ಬಾಟಲಿ, ಆಮೇಲೆ ಗಿಲಕಿ, ವರ್ಷ ತುಂಬುವ ಹೊತ್ತಿಗೆ ಪುಟ್ಟ ಶೂ. ಅವು ಬಂದಾಗಲೆಲ್ಲ ಫೋನು ಜ್ವರ ಬಂದ ಮೈಯಂತೆ ಬಿಸಿಯಾಗುತ್ತಿತ್ತು.

"ಬೇರೆ ಫೋನ್ ತಗೊಳ್ಳೋಣ ಕಣೇ," ಎಂದೆ.

"ಬೇಡ ರೀ. ಮನೆಯವ್ರೆಲ್ಲ ಮರೆತುಬಿಟ್ರು. ಇದಕ್ಕಾದ್ರೂ ನೆನಪಿದೆಯಲ್ಲ," ಎಂದಳು.

ಒಂದು ಮಧ್ಯಾಹ್ನ ಆ ಶೂ ಮನೆಗೇ ಬಂತು. ಅವಳೇ ತರಿಸಿದ್ದಳು, ಆದರೆ ಪೆಟ್ಟಿಗೆ ಬಿಚ್ಚುವ ಧೈರ್ಯ ಅವಳಿಗೂ ಬರಲಿಲ್ಲ. ಅದನ್ನು ತಬ್ಬಿಕೊಂಡು ಕೂತಿದ್ದವಳ ಕೈಯಿಂದ ಬಿಡಿಸಿಕೊಂಡು, ಹಾಕಿದ್ದ ಟೇಪು ಹಾಗೇ ಇರುವಂತೆ ವಾಪಸ್ ಕಳಿಸಿದೆ.

ವಾರದ ಮೇಲೆ ಅಂಗಡಿಯಾಕೆ ಫೋನ್ ಮಾಡಿದಳು.

"ಸರ್, ಇದನ್ನ ವಾಪಸ್ ತಗೊಳ್ಳೋಕಾಗಲ್ಲ. ನಿಮ್ಮ ಮಗು ಹಾಕ್ಕೊಂಡು ತುಂಬಾ ಓಡಾಡಿದೆ. ಅಟ್ಟೆಯೆಲ್ಲ ಸವೆದುಹೋಗಿದೆ."

ಪಕ್ಕದಲ್ಲಿದ್ದ ಹೆಂಡತಿಗೂ ಅದು ಕೇಳಿಸಿತು. ಅವಳು ತನ್ನ ಫೋನು ತೆಗೆದು, ಒಂದು ಅಳತೆ ದೊಡ್ಡ ಶೂ ಹುಡುಕತೊಡಗಿದಳು.