ನಿಕ್ಕಲ್ ಕೊಳವೆಗಳ ಕೆಳಗೆ

"ವರ್ಗಾವಣೆ ಕೇಳಿದ್ದೀಯಂತೆ? ನನಗೊಂದು ಮಾತು ಹೇಳ್ಬೇಕು ಅನ್ನಿಸ್ಲೇ ಇಲ್ವಾ?"

ಗೋಪುರದ ಬುಡದಲ್ಲಿ, ಲಿಫ್ಟಿಗೆ ಅಡ್ಡ ನಿಂತು ಯಾಸ್ನಾ ಕೇಳಿದಳು. ವಾಲ್ವ್ ರಿಪೇರಿಗೆ ಹೊರಟಿದ್ದ ಮೆಕ್ಯಾನಿಕ್ ಎಲೋಯ್ ಮೊದಲು ನೆಲ ನೋಡಿದ, ಆಮೇಲೆ ಅವಳನ್ನು. ತುಟಿಯ ಒಂದು ಮೂಲೆಯಲ್ಲಿ ನಗು ಸಿಕ್ಕಿಕೊಂಡಿತ್ತು.

"ಕೆಳಗಿಳಿದು ಬಂದು ಹೇಳ್ತೀನಿ, ಇಂಜಿನಿಯರಮ್ಮ. ಅಲ್ಲೀವರೆಗೆ ಈ ಕೋಪ ಹಾಗೇ ಇಟ್ಕೊಂಡಿರು. ಚಂದ ಕಾಣ್ತೀಯ."

"ಬರೋದೇ ಬೇಡ! ಅಲ್ಲೇ ಇದ್ದುಬಿಡು."

ಲಿಫ್ಟಿನ ಬಾಗಿಲು ಮುಚ್ಚಿತು.

ಅಟಕಾಮಾ ಮರುಭೂಮಿಯ ಆ ಸೌರ ವಿದ್ಯುತ್ ಸ್ಥಾವರದಲ್ಲಿ ಸಾವಿರಾರು ಕನ್ನಡಿಗಳು ಬಿಸಿಲನ್ನು ಗೋಪುರದ ನೆತ್ತಿಗೆ ಎಸೆಯುತ್ತಿದ್ದವು. ಅಲ್ಲಿ ನಿಕ್ಕಲ್ ಮಿಶ್ರಲೋಹದ ಕೊಳವೆಗಳಲ್ಲಿ ಕರಗಿದ ಉಪ್ಪು ನೀರಿನಂತೆ ಹರಿಯುತ್ತಿತ್ತು, ಸೀಸವನ್ನೂ ಕರಗಿಸಿಬಿಡುವಷ್ಟು ಬಿಸಿಯಾಗಿ. ಆ ಉಪ್ಪು ಕೊಳವೆಗಳನ್ನು ಎಷ್ಟು ತಿಂದಿದೆ ಎಂದು ನೋಡುವುದೇ ಯಾಸ್ನಾಳ ಕೆಲಸ.

ಪ್ರಯೋಗಾಲಯಕ್ಕೆ ಬಂದವಳು, ಹಿಂದಿನ ರಿಪೇರಿಯಲ್ಲಿ ಕತ್ತರಿಸಿ ತೆಗೆದ ಕೊಳವೆಯ ತುಂಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಹೊರಮೈ ಗಟ್ಟಿಮುಟ್ಟಾಗಿಯೇ ಇತ್ತು. ಒಳಗೆ, ಉಪ್ಪಿನಲ್ಲಿ ಬೆರೆತಿದ್ದ ಕ್ಲೋರೈಡ್ ಲೋಹದ ಕ್ರೋಮಿಯಂ ಅನ್ನು ಸದ್ದಿಲ್ಲದೆ ಮೇಯ್ದುಬಿಟ್ಟಿತ್ತು. ಕಣಕಣದ ನಡುವೆ ಕಪ್ಪು ಬಿರುಕು.

ಇದರ ಜೊತೆಯ ಕೊಳವೆಗಳು ಈಗ ಎಲೋಯ್‌ನ ತಲೆಯ ಮೇಲೆ ಕಾಯುತ್ತಿದ್ದವು.

ಯಾಸ್ನಾ ತುಂಡನ್ನು ಅಲ್ಲೇ ಬಿಟ್ಟೆದ್ದಳು. ನಿಯಂತ್ರಣ ಕೊಠಡಿಗೆ ಓಡಿದಳು.

"ಕನ್ನಡಿ ತಿರುಗ್ಸಿ ಡೋನ್ ಓಸ್ವಾಲ್ಡೊ! ಉಪ್ಪು ಇಳಿಸಿ!"

"ಏನಮ್ಮಾ, ಒಳ್ಳೇ ಬಿಸಿಲಿದೆ. ಸುಮ್ನೆ ನಿಲ್ಸು ಅಂದ್ರೆ ಹೇಗೆ?" ಅಂದರು ಪಾಳಿಯ ಹಿರಿಯ ಮುಖ್ಯಸ್ಥ ಓಸ್ವಾಲ್ಡೊ.

"ಕೊಳವೆ ಒಳಗಿಂದ ಸತ್ತುಹೋಗಿದೆ! ಅದರ ಕೆಳಗೇ ಎಲೋಯ್ ಇದ್ದಾನೆ!"

ಮುದುಕರು ಅವಳ ಮುಖ ನೋಡಿದರು. ಗುಂಡಿ ಒತ್ತಿದರು.

ಕನ್ನಡಿಗಳು ಮುಖ ತಿರುಗಿಸತೊಡಗಿದ್ದವಷ್ಟೇ. ಗೋಪುರದ ನೆತ್ತಿಯಲ್ಲಿ ಬಿಳಿ ಹೊಗೆ ಬುಗ್ಗೆಂದಿತು. ಲಿಫ್ಟು ನಿಂತುಹೋಯಿತು.

"ಎಲೋಯ್! ಎಲೋಯ್, ಕೇಳಿಸ್ತಿದ್ಯಾ?"

ವೈರ್‌ಲೆಸ್ಸಿನಲ್ಲಿ ಬರೀ ಗರಗರ.

ಗೋಪುರದ ಮೆಟ್ಟಿಲ ಬಾಗಿಲಿಗೆ ಓಡಿದಳು. ಕಾವಲಿನವನು ತಡೆದ. ಕತ್ತೆತ್ತಿ ನೋಡಿದಳು, ಕಬ್ಬಿಣದ ಮೆಟ್ಟಿಲುಗಳು ಮಬ್ಬಿನೊಳಗೆ ಮಾಯವಾಗಿದ್ದವು. ಬರೋದೇ ಬೇಡ ಎಂದಿದ್ದಳು. ತನ್ನ ಬಾಯಿಂದಲೇ ಎಂದಿದ್ದಳು. ಎಲ್ಲೋ ಮೇಲೆ ಉಪ್ಪು ತೊಟ್ಟಿಕ್ಕುವ ಸದ್ದು.

ಆಮೇಲೆ ಬೂಟಿನ ಸದ್ದು. ನಿಧಾನ, ತಡವರಿಸುವ ಸದ್ದು.

ಎಲೋಯ್ ಇಳಿದು ಬಂದ. ಅಂಗಿಯ ಒಂದು ತೋಳು ಸುಟ್ಟು ಕರಕಲಾಗಿತ್ತು. ಒಳಗಿನ ಚರ್ಮ ಕೆಂಪೇರಿತ್ತು. ಯಾಸ್ನಾ ಅವನ ಕೈ ಹಿಡಿದು ಬೆರಳು ಬೆರಳನ್ನೂ ಮುಟ್ಟಿ ನೋಡಿದಳು.

"ಎಲ್ಲಾ ಇದೆ, ಎಣಿಸ್ಬೇಡ," ಅಂದ.

"ವರ್ಗಾವಣೆ ಯಾಕೆ ಕೇಳ್ದೆ? ಈಗ್ಲೇ ಹೇಳು."

"ಒಂದೇ ವಿಭಾಗದಲ್ಲಿ ಗಂಡ ಹೆಂಡ್ತಿ ಇರೋ ಹಾಗಿಲ್ವಂತೆ."

"ಯಾರ ಗಂಡ, ಯಾರ ಹೆಂಡ್ತಿ? ನನ್ನ ಯಾವತ್ತು ಕೇಳ್ದೆ ನೀನು?"

"ಅದನ್ನ ಕೇಳೋಕೇ ಭಯ ಕಣೇ. ಮೇಲೆ ಉಪ್ಪು ಸುರಿಯುವಾಗ್ಲೂ ಅದೇ ಯೋಚನೆ. ಕೇಳ್ದೇನೇ ಹೋಗ್ಬಿಡ್ತೀನೇನೋ ಅಂತ."

"ಈಗ ಕೇಳು."

ಎಲೋಯ್ ಬಾಯಿ ತೆರೆದ. ಮಾತು ಶುರುವಾಗುವ ಮೊದಲೇ ಮೆಟ್ಟಿಲ ಮೇಲೆ ಕುಸಿದು ಕೂತ. ಯಾಸ್ನಾ ಪಕ್ಕದಲ್ಲೇ ಕೂತು ಅವನ ತಲೆಯನ್ನು ಹೆಗಲಿಗೆ ಒತ್ತಿಕೊಂಡಳು. ಅವನು ಇನ್ನೂ ಕೇಳಿರಲಿಲ್ಲ.

"ಆಗ್ಲಿ," ಅಂದಳು.