ಎಡಗೈಯ ಹುರಿ

ಮರಿಯಮ್ಮನ ಹೊಸ ತೆನೆಯ ಮೊಂತಿ ಹಬ್ಬ ಕಳೆದು ಮಳೆ ಹಿಂದೆ ಸರಿದಿತ್ತು. ಬಂದರಿನ ದಕ್ಕೆಯ ಪಕ್ಕ ಮೀನಿನ ದೋಣಿಗಳನ್ನು ದಡಕ್ಕೆಳೆದು, ಹಳೆಯ ಹೊಲಿಗೆ ಬಿಚ್ಚಿ ಹೊಸದು ಹಾಕುವ ಕೆಲಸ ಜೋರಾಗಿತ್ತು. ಮೆಶಿನ್ ಬೋಟು ಒಂದೋ ಎರಡೋ ಬಂದಿದ್ದ ಕಾಲ. ಉಳಿದವೆಲ್ಲ ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಲ್ಲೇ ಹೊಲಿದವು. ಹೊಲಿಗೆಗೆ ಇಬ್ಬರು ಬೇಕು. ಹಲಗೆಯ ತೂತಿನಲ್ಲಿ ಒಳಗಿನವನು ಹುರಿ ದಾಟಿಸಿದರೆ ಹೊರಗಿನವನು ಬಿಗಿಯಾಗಿ ಎಳೆಯಬೇಕು.

ಹೊರಗೆ ಕೂತಿದ್ದ ಇಸಿದೋರನಿಗೆ ಕೆಲಸ ಹತ್ತಲಿಲ್ಲ. ಪಕ್ಕದಲ್ಲಿ ಉಳ್ಳಾಲದ ಚಾರ್ಲ್ಸನ ದೋಣಿ. ಅದರ ಮೂತಿಗೆ ಸುತ್ತಿದ್ದ ಹೊಸ ಹುರಿಯ ಹೊಸೆತ ಎಡಕ್ಕಿತ್ತು.

ಕೇರಿಯ ಹೆಂಗಸರೆಲ್ಲ ಬಲಕ್ಕೆ ಹೊಸೆಯುತ್ತಿದ್ದರು. ಎಡಗೈಯ ಎವ್ಲಿನ್ ಒಬ್ಬಳು ಎಡಕ್ಕೆ. ಕಣ್ಣು ಮುಚ್ಚಿ ಬೆರಳಾಡಿಸಿದರೂ ಇಸಿದೋರನಿಗೆ ಗುರುತು ಸಿಗುತ್ತಿತ್ತು. ಆ ಹುರಿ ತನ್ನ ಕೈಗಲ್ಲದೆ ಬೇರೆಲ್ಲೂ ಹೋಗುವುದಿಲ್ಲವೆಂದು ನಂಬಿದ್ದ.

ಅಷ್ಟರಲ್ಲಿ ಅವಳೇ ಬಂದಳು, ಸೊಂಟದಲ್ಲಿ ಹುರಿಯ ಸುರುಳಿ.

"ಎಲ್ಲಿ ಇಡಲಿ?"

"ಚಾರ್ಲ್ಸನಿಗೇ ಕೊಡು. ದೊಡ್ಡ ದೋಣಿ ಉಂಟು, ಅಂಗಿಗೆ ಇಸ್ತ್ರಿಯೂ ಉಂಟು."

"ಎಂತ ಮಾರಾಯ, ಬೆಳಿಗ್ಗೆಯೇ ಹುಳಿ ಬಿಂಬುಳಿ ತಿಂದಿದ್ದೀಯಾ?"

"ಅಲ್ಲಿ ನೋಡು. ಅದು ಯಾರ ಹುರಿ?"

ನೋಡಿದಳು. ತುಟಿಯಂಚಿನ ನಗುವನ್ನು ಅಲ್ಲೇ ತಡೆದಳು.

"ನನ್ನ ದೊಡ್ಡಮ್ಮನ ಮಗಳು ಗ್ಲ್ಯಾಡಿಸಳದ್ದು."

"ಅವಳದ್ದು ಬಲಗೈ!"

"ಆದರೆ ಕಲಿತದ್ದು ನನ್ನ ಪಕ್ಕ ಕೂತು, ನನ್ನ ಕೈ ನೋಡಿ. ಅವಳಿಗೂ ಚಾರ್ಲ್ಸನಿಗೂ ಮದುವೆ. ಪಾದ್ರಿಗಳು ಮದುವೆಯಾಗುವವರ ಹೆಸರು ಓದುವಾಗ ನೀನು ಇಗರ್ಜಿಯಲ್ಲಿ ಇರಲಿಲ್ಲವಾ?"

ಇದ್ದ. ಆಗ ಹೆಂಗಸರ ಸಾಲಿನಲ್ಲಿ ಎವ್ಲಿನಳ ತಲೆವಸ್ತ್ರ ಜಾರುವುದನ್ನೇ ನೋಡುತ್ತಿದ್ದ. ಅದನ್ನು ಹೇಳುವುದು ಹೇಗೆ?

"ಒಳಗೆ ಯಾರೂ ಇಲ್ಲವಲ್ಲ?" ಎವ್ಲಿನ್ ಅವನ ದೋಣಿಯೊಳಗೆ ಇಣುಕಿದಳು.

"ಹುರಿ ದಾಟಿಸುವ ಪೌಲ್ ಚಾ ಕುಡಿಯಲು ಹೋದ."

ಅವಳು ಸೀರೆ ಸಿಕ್ಕಿಸಿ ದೋಣಿಯೊಳಗೆ ಇಳಿದಳು. ತೂತಿನಿಂದ ಹುರಿಯ ತುದಿ ಇಣುಕಿತು. ಇಸಿದೋರ್ ಎಳೆದ. ಬರಲಿಲ್ಲ.

"ಬಿಡು, ಮಾರಾಯ್ತಿ."

"ಬಿಡುವುದಿಲ್ಲ. ಇಷ್ಟು ವರ್ಷ ಹುರಿ ಕೊಟ್ಟೆ, ನಿನ್ನಿಂದ ಒಂದು ಮಾತು ಬರಲಿಲ್ಲ. ಆ ಬಾಕಿ ಕೊಟ್ಟು ಎಳಿ."

ಅವನು ಅತ್ತಿತ್ತ ನೋಡಿ ತೂತಿಗೆ ಬಾಯಿಟ್ಟ. "ಎವ್ಲಿನ್... ನಮ್ಮ ಹೆಸರೂ ಓದಿಸುವುದಾ?"

ಹುರಿ ಒಮ್ಮೆಲೇ ಸಡಿಲವಾಗಿ ಅವನು ಅಂಗಾತ ಮರಳಿನ ಮೇಲೆ ಬಿದ್ದ.

"ಆದಿತ್ಯವಾರ ಬಂದು ಅಮ್ಮನನ್ನು ಕೇಳು," ಎಂದಳು ಒಳಗಿನಿಂದ. "ಅಂಗಿಗೆ ಇಸ್ತ್ರಿ ಹಾಕಿ ಬಾ."