ಹಡಗಿನ ಬುಡದಲ್ಲಿ ಮೂರು ನಿಮಿಷ

೨೦೨೨ರ ಜನವರಿ ೧೦, ಸೋಮವಾರ. ಬೆಳಿಗ್ಗೆ ೧೧.೧೦ಕ್ಕೆ ತಾಲ್ಲೂಕು ಆರೋಗ್ಯಾಧಿಕಾರಿ ಡಾ. ಅನುಪಮಾ ಅವರು ಲಿಂಗಸುಗೂರು ಠಾಣೆಗೆ ಬಂದು ಎರಡು ಪುಟದ ಲಿಖಿತ ದೂರು ಕೊಟ್ಟರು. ಇನ್‌ಸ್ಪೆಕ್ಟರ್ ಯಂಕೋಬ ಮಾಸ್ಕ್ ಸರಿಪಡಿಸಿಕೊಂಡು ಅದನ್ನು ಎರಡು ಸಲ ಓದಿದರು. ಕೊರೊನಾದ ಮೂರನೆಯ ಅಲೆಯ ದಿನಗಳು. ಬಂದವರೆಲ್ಲ ಹಗ್ಗದ ಆಚೆ ನಿಂತೇ ಮಾತಾಡಬೇಕಿತ್ತು.

ದೂರಿನ ಸಾರಾಂಶ ಇಷ್ಟು. ಮಸ್ಕಿಯ ಬಸವಣ್ಣೆಮ್ಮ, ವಯಸ್ಸು ೫೮, ಸಿಂಧನೂರಿನ ಹದಿನಾಲ್ಕು ಮಂದಿಯ ಪ್ರವಾಸಿ ತಂಡದೊಂದಿಗೆ ಕೊಚ್ಚಿಗೆ ಹೋಗಿದ್ದರು. ಅಲ್ಲಿಂದ ಮಾಲ್ದೀವ್ಸ್‌ಗೆ ಹೊರಡುವ ಪ್ರವಾಸಿ ಹಡಗನ್ನು ಜನವರಿ ೫ರಂದು ಹತ್ತಬೇಕಿತ್ತು. ಎಪ್ಪತ್ತೆರಡು ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ಇಲ್ಲದೆ ಯಾರನ್ನೂ ಹತ್ತಿಸುತ್ತಿರಲಿಲ್ಲ. ಆಕೆಯ ಬಳಿ ವರದಿ ಇತ್ತು. ಆದರೆ ಹಡಗಿನ ಮೆಟ್ಟಿಲ ಬುಡದಲ್ಲಿ ಮಾಡಿದ ಎರಡನೆಯ ಪರೀಕ್ಷೆಯಲ್ಲಿ ಪಾಸಿಟಿವ್ ಬಂತು. ಒಂದನೇ ತಾರೀಖಿನಿಂದಲೇ ಜ್ವರವಿತ್ತೆಂದು ಆಕೆಯೇ ಅಲ್ಲಿ ಹೇಳಿದ್ದರು. ಆಕೆಯನ್ನು ಬಂದರಿನ ಪ್ರತ್ಯೇಕ ಕೋಣೆಯಲ್ಲಿ ಇಟ್ಟರು. ಜೊತೆಗಿದ್ದ ಹದಿನಾಲ್ಕು ಮಂದಿಯನ್ನೂ ಹತ್ತಿಸದೆ ಹಡಗು ಹೊರಟುಹೋಯಿತು.

"ಒಂದನೇ ತಾರೀಖು ಜ್ವರ, ಮೂರನೇ ತಾರೀಖು ನೆಗೆಟಿವ್, ಐದನೇ ತಾರೀಖು ಈ ಪರಿ ಪಾಸಿಟಿವ್," ಎಂದರು ಡಾ. ಅನುಪಮಾ. "ಮಾದರಿ ತಗೊಂಡಿದ್ದು ಇಲ್ಲಿಯ ಒಂದು ಖಾಸಗಿ ಸಂಗ್ರಹ ಕೇಂದ್ರ. ಮೂಗಿಗೆ ಕಡ್ಡಿ ಹಾಕದೇ ವರದಿ ಮಾಡಿಸಿರಬೇಕು ಅಂತ ನನ್ನ ಅನುಮಾನ."

ದೂರಿನ ಜೊತೆ ಹಡಗಿನ ವೈದ್ಯಕೀಯ ವಿಭಾಗ ಕಳಿಸಿದ ಪತ್ರವಿತ್ತು. ಪತ್ರದ ತಲೆಯ ಮೇಲೆ ಹಡಗಿನ ಚಿತ್ರ. ಹದಿಮೂರು ಅಂತಸ್ತು. ಹೆಡ್ ಕಾನ್‌ಸ್ಟೆಬಲ್ ದಾವಲ್‌ಬೀ ಬೆರಳಿಟ್ಟು ಕಿಟಕಿಗಳನ್ನು ಎಣಿಸತೊಡಗಿ ನಡುವೆಯೇ ಬಿಟ್ಟರು.

"ಸರ್, ಇದು ತೇಲತೈತೇನ್ರೀ?"

"ತೇಲತೈತಿ ಅಂತನ ಬರದಾರ," ಎಂದರು ಯಂಕೋಬ.

೧೧.೪೫ಕ್ಕೆ ಎಫ್‌ಐಆರ್ ದಾಖಲಾಯಿತು. ಮೊದಲನೆಯ ಆರೋಪಿ: ಹುಲಿಗೇಶ, ವಯಸ್ಸು ೨೭, ಸಂಗ್ರಹ ಕೇಂದ್ರದ ಟೆಕ್ನಿಷಿಯನ್, ಗುರುಗುಂಟಾ ನಿವಾಸಿ. ಕೇಂದ್ರದ ಮಾಲೀಕರು ಆಗಲೇ ಅವನನ್ನು ಕೆಲಸದಿಂದ ನಿಲ್ಲಿಸಿದ್ದರು.

ಮಧ್ಯಾಹ್ನ ಹುಲಿಗೇಶ ತಾನಾಗಿ ಠಾಣೆಗೆ ಬಂದ. ಎರಡು ವರ್ಷ ಮಾಸ್ಕಿನ ದಾರ ಎಳೆದೆಳೆದು ಕಿವಿಯ ಹಿಂದೆ ಕಪ್ಪು ಗೆರೆ ಬಿದ್ದಿತ್ತು.

"ಆ ಅಮ್ಮಾರ ಸ್ವ್ಯಾಬ್ ನೀನ ತಗೊಂಡಿ?"

"ನಾನ ಸರ್. ಆಧಾರ್ ನೋಡೀನಿ, ಫಾರ್ಮ್ ತುಂಬೀನಿ, ತಗೊಂಡೀನಿ."

"ಮುಖ ನೋಡಿದಿ?"

"ಮಾಸ್ಕ್ ಇತ್ರೀ, ತಲಿ ಮ್ಯಾಲ ಸೆರಗಿತ್ತು. ಮಾಸ್ಕ್ ಇಳಿಸಿದಾಗ ಮೂಗು, ಗಂಟಲು ನೋಡೀನಿ. ಆಧಾರ್ ಫೋಟೋದಾಗ ಯಾರ ಗುರುತು ಸಿಗತೈತಿ, ನೀವ ಹೇಳ್ರಿ."

"ಕಡ್ಡಿ ಹಾಕದ ಕಳಿಸೀ ಅಂತಾರಲ್ಲ."

ಹುಲಿಗೇಶ ತಲೆ ತಗ್ಗಿಸಿದ. "ಎರಡು ವರ್ಷದಾಗ ಒಂಬತ್ತು ಸಾವಿರ ಮಂದೀದು ತಗದೀನಿ ಸರ್. ಎರಡು ಸಲ ನನಗ ಬಂತು. ಒಂದೂ ಖಾಲಿ ಕೊಳವಿ ಕಳಿಸಿಲ್ಲ. ಈ ಕೇಸ್ ನನ್ನ ಮ್ಯಾಲ ಉಳಿದ್ರ ಮುಂದ ಯಾವ ಲ್ಯಾಬಿನವರೂ ನನ್ನ ಬಾಗಿಲಾಗ ಬಿಟ್ಟುಕೊಳ್ಳಂಗಿಲ್ಲ. ನನಗ ಬರೋದು ಇದೊಂದ ಕೆಲಸ."

ಸಂಜೆ ೪ ಗಂಟೆಗೆ ಇಬ್ಬರು ಪಂಚರ ಸಮಕ್ಷಮ ಕೇಂದ್ರದಲ್ಲಿ ಪಂಚನಾಮೆ ನಡೆಯಿತು. ಬೆಳಗಿನ ಏಳಕ್ಕೆ ಮಾದರಿಗಳ ಪೆಟ್ಟಿಗೆ ಸಿಂಧನೂರಿನ ಲ್ಯಾಬಿಗೆ ಹೊರಡುತ್ತಿದ್ದುದರಿಂದ, ಅದೇ ದಿನ ವರದಿ ಬೇಕಾದವರು ಆರರಿಂದ ಏಳರ ನಡುವೆ ಬರಬೇಕಿತ್ತು. ಕ್ಯಾಮೆರಾದಲ್ಲಿ ಐದು ದಿನಕ್ಕಿಂತ ಹಿಂದಿನದು ಉಳಿದಿರಲಿಲ್ಲ. ಬಸವಣ್ಣೆಮ್ಮನ ಹೆಸರಿನ ಫಾರ್ಮ್ ಜಪ್ತಿಯಾಯಿತು. ಸಂಗ್ರಹದ ಸಮಯ ಜನವರಿ ೩, ಬೆಳಿಗ್ಗೆ ೬.೨೦. ಕೆಳಗೆ ಹೆಬ್ಬಟ್ಟಿನ ಗುರುತು.

ಮರುದಿನ ೧೦.೩೦ಕ್ಕೆ ಯಂಕೋಬ, ದಾವಲ್‌ಬೀ ಸಿಂಧನೂರಿನ ಲ್ಯಾಬಿನಲ್ಲಿದ್ದರು. ಅಲ್ಲಿಯ ತಜ್ಞೆ ಸುಕನ್ಯಾ ಕಂಪ್ಯೂಟರಿನಲ್ಲಿ ಆ ದಿನದ ದಾಖಲೆ ತೆರೆದರು. ಕಪ್ಪು ಪರದೆಯ ಮೇಲೆ ಒಂದು ಹಸಿರು ಗೆರೆ ನೆಲಮಟ್ಟದಲ್ಲಿ ಸಾಗಿ ನಡುವೆ ಎದ್ದು ಗುಡ್ಡದಂತೆ ಮೇಲೇರಿತ್ತು. ಇನ್ನೊಂದು ಕೆಂಪು ಗೆರೆ ಕೊನೆಯವರೆಗೂ ಮಲಗಿಯೇ ಇತ್ತು.

"ಕೆಂಪು ರೋಗದ್ದು. ಏಳಲೇ ಇಲ್ಲ, ಅದಕ್ಕ ನೆಗೆಟಿವ್," ಎಂದರು ಸುಕನ್ಯಾ. "ಹಸಿರು ಮನುಷ್ಯರದ್ದು. ಕಡ್ಡಿ ಮನುಷ್ಯರ ಮೈಯಿಂದ ಬಂದಿದ್ದರ ಮಾತ್ರ ಅದು ಏಳತೈತಿ. ಖಾಲಿ ಕೊಳವಿ ಇದ್ದಿದ್ದರ ಎರಡೂ ಮಲಗಿರತಿದ್ವು."

ಯಂಕೋಬ ಸ್ವಲ್ಪ ಹೊತ್ತು ಆ ಹಸಿರು ಗೆರೆಯನ್ನೇ ನೋಡಿದರು. ಹದಿನಾರು ವರ್ಷದ ನೌಕರಿಯಲ್ಲಿ ಎಷ್ಟೋ ಸಾಕ್ಷಿಗಳನ್ನು ಕಂಡಿದ್ದರು. ಹೆಸರಿಲ್ಲ, ಮುಖವಿಲ್ಲ, ಉಸಿರಿನ ದಾರಿಯಲ್ಲಿ ಸಿಕ್ಕ ಕಣ್ಣಿಗೆ ಕಾಣದ ಚೂರೊಂದು 'ಇಲ್ಲಿ ಒಬ್ಬ ಮನುಷ್ಯ ಇದ್ದ' ಎಂದು ಹೇಳುವುದನ್ನು ಕಂಡಿರಲಿಲ್ಲ.

"ಅಂದ್ರ ಹುಲಿಗೇಶ ಕಡ್ಡಿ ಹಾಕ್ಯಾನ."

"ಹಾಕ್ಯಾನ. ಯಾರಿಗೆ ಹಾಕ್ಯಾನ ಅಂತ ನನ್ನ ಮಷೀನ್ ಹೇಳಂಗಿಲ್ಲ ಸರ್."

ಜನವರಿ ೧೨, ಮಧ್ಯಾಹ್ನ ೩ ಗಂಟೆಗೆ ಹಡಗಿನ ವೈದ್ಯಕೀಯ ವಿಭಾಗದೊಂದಿಗೆ ವಿಡಿಯೊ ಕರೆಗೆ ಸಮಯ ನಿಗದಿಯಾಗಿತ್ತು. ಎರಡನೆಯ ಪರೀಕ್ಷೆ ಮಾಡಿ ವರದಿಗೆ ಸಹಿ ಹಾಕಿದ ನರ್ಸ್ ಪರದೆಯ ಮೇಲೆ ಬಂದಳು. ಬಿಳಿ ಸಮವಸ್ತ್ರ, ಹಿಂದೆ ದುಂಡನೆಯ ಕಿಟಕಿ, ಕಿಟಕಿ ತುಂಬ ನೀಲಿ. ಯಂಕೋಬ ಬರೆದುಕೊಂಡಿದ್ದ ಇಂಗ್ಲಿಷ್ ವಾಕ್ಯಗಳನ್ನು ಓದಲು ಶುರುಮಾಡಿದರು.

"ಕನ್ನಡದಾಗ ಕೇಳ್ರಿ ಸರ್. ನಾನು ಮಸ್ಕಿಯಾಕಿ. ಶಿವರಂಜನಿ. ಬಸವಣ್ಣೆಮ್ಮ ನಮ್ಮವ್ವ."

ಯಂಕೋಬ ಇಂಗ್ಲಿಷ್ ಹಾಳೆಯನ್ನು ಮಡಚಿಟ್ಟು ಕೇಳಿದರು, "ನಿಮ್ಮವ್ವನ ಪರೀಕ್ಷೆ ನೀವ ಮಾಡಿದಿರಿ?"

"ಮೆಟ್ಟಿಲ ಬುಡಕ್ಕ ಅವತ್ತು ನನ್ನ ಪಾಳಿ ಇತ್ತು. ಸಾಲಿನ್ಯಾಗ ಬಂದ್ರು. ಎಲ್ಲರನ್ನೂ ಕೇಳಿದಂಗ ಜ್ವರ ಐತೇನು ಅಂತ ಕೇಳಿದೆ. ಒಂದನೇ ತಾರೀಖಿನಿಂದ ಐತಿ ಅಂದ್ರು. ಎರಡು ಸಲ ಪರೀಕ್ಷೆ ಮಾಡಿದೆ. ಎರಡೂ ಸಲ ಪಾಸಿಟಿವ್."

"ದೂರಿಗೆ ಮೂಲ ಆದ ಪತ್ರ?"

"ನಾನ ಬರದೀನಿ. ಮ್ಯಾಲ ಎರಡು ಸಾವಿರದ ನೂರು ಮಂದಿ ಇದ್ರು ಸರ್. ಹೋದ ವರ್ಷ ಇದ ಹಡಗಿನ್ಯಾಗ ನಾಲ್ಕು ಮಂದಿ ಸತ್ತಿದ್ದು ನೋಡೀನಿ."

"ನೀವು ಊರಿಗೆ ಬಂದು ಎಷ್ಟು ದಿನ ಆತು?"

"ಊರು ಬಿಡ್ರಿ. ನೆಲಕ್ಕ ಇಳಿದು ಇಪ್ಪತ್ತೆರಡು ತಿಂಗಳಾತು. ಬಂದರಿಗೆ ಬರತೀವಿ, ಪ್ರಯಾಣಿಕರು ಹತ್ತತಾರ, ಇಳೀತಾರ. ಸಿಬ್ಬಂದಿ ಮೆಟ್ಟಿಲ ಕೊನೀ ಹಲಗಿ ದಾಟಿ ನೆಲಕ್ಕ ಇಳಿಯಂಗಿಲ್ಲ, ಅದು ನಿಯಮ. ಪ್ರಯಾಣಿಕರಾಗಿ ಬಂದ್ರ ಮಾತ್ರ ನೋಡಬಹುದು ಅಂತ ಮನಿಯವರಿಗೆ ಕೊಡೋ ಟಿಕೆಟ್ ನಾನ ಕಳಿಸಿದ್ದೆ. ಹಡಗು ಈಗ ಯುರೋಪಿಗೆ ಹೊಂಟೈತಿ. ಈ ಕಡಿ ಬರೋದು ಯಾವಾಗೋ ಗೊತ್ತಿಲ್ಲ."

ಹೇಳಿಕೆ ಮುಗಿಸಿ ಆಕೆ ಒಂದೇ ಮಾತು ಕೇಳಿದಳು. "ಅವ್ವಗ ಉಸಿರು ಸರಳ ಆಡತೈತೇನ್ರೀ?"

ಕೊಚ್ಚಿಯವರೊಂದಿಗೆ ಆಗಲೇ ವಿಚಾರಿಸಿದ್ದ ದಾವಲ್‌ಬೀ ಉತ್ತರಿಸಿದರು. "ಆರಾಮ ಅದಾರ ಬೇಟಿ. ಇವತ್ತು ಬಿಡತಾರ."

ಕರೆ ಮುಗಿದ ಮೇಲೆ ಯಂಕೋಬ ಫಾರ್ಮನ್ನು ಮೇಜಿನ ಮೇಲೆ ಹರಡಿದರು. ಹಡಗಿನವರು ಕಳಿಸಿದ್ದ ಪಾಸ್‌ಪೋರ್ಟ್ ನಕಲಿನಲ್ಲಿ ಬಸವಣ್ಣೆಮ್ಮ ದುಂಡಗೆ ಸಹಿ ಮಾಡಿದ್ದರು. ಫಾರ್ಮಿನಲ್ಲಿ ಹೆಬ್ಬಟ್ಟು. ದಾವಲ್‌ಬೀ ಆ ಹಾಳೆಯನ್ನು ಮೇಲಿನಿಂದ ಸಾಲು ಸಾಲಾಗಿ ಓದುತ್ತ ಬಂದು ಏಳನೆಯ ಕಾಲಮಿನಲ್ಲಿ ನಿಂತರು. 'ಅರ್ಧ ಗಂಟೆಯೊಳಗೆ ಏನಾದರೂ ಸೇವಿಸಿದ್ದೀರಾ?' ಹುಲಿಗೇಶನ ಅಕ್ಷರದಲ್ಲಿ ಉತ್ತರವಿತ್ತು: 'ಬಸ್ ನಿಲ್ದಾಣದಲ್ಲಿ ಚಹಾ. ಅರ್ಧ ಗಂಟೆ ತುಂಬುವವರೆಗೆ ಕೂರಿಸಿ ಮಾದರಿ ಪಡೆಯಲಾಗಿದೆ.'

"ಸರ್, ಈ ಅಮ್ಮಾರು ಲಿಂಗವಂತರಲ್ರೀ?"

"ಹೌದು. ಯಾಕ?"

"ಮತ್ತ ಆರು ಗಂಟೆಕ್ಕ ಚಹಾ ಹ್ಯಾಂಗ ಕುಡದ್ರು?"

"ಲಿಂಗವಂತರು ಚಹಾ ಕುಡಿಯಂಗಿಲ್ಲೇನು?"

"ಕುಡೀತಾರ್ರೀ, ಜಳಕ ಆಗಿ ಲಿಂಗಪೂಜಿ ಆದಮ್ಯಾಲ. ಮಸ್ಕ್ಯಾಗ ನಾ ಬಾಡಿಗಿ ಇದ್ದ ಮನಿ ಅಮ್ಮ ಜ್ವರದ ಗುಳಿಗಿ ಸುದ್ದಾ ಪೂಜಿಗಿಂತ ಮೊದಲ ನುಂಗತಿರಲಿಲ್ಲ. ಅದರಾಗ ಅವತ್ತು ಸೋಮವಾರ."

"ಎಲ್ಲರೂ ಹಂಗ ಇರತಾರೇನು?"

"ಎಲ್ಲರೂ ಇರಂಗಿಲ್ರೀ. ಇವರು ಹ್ಯಾಂಗಂತ ಹೋಗಿ ಕೇಳೋಣು."

ಜನವರಿ ೧೫, ಶನಿವಾರ, ಮಧ್ಯಾಹ್ನ ೨.೧೫. ಮಸ್ಕಿಯಲ್ಲಿ ಗುಡ್ಡಕ್ಕೆ ಹೋಗುವ ಓಣಿಯ ಮನೆ. ಬಸವಣ್ಣೆಮ್ಮ ಕೊಚ್ಚಿಯಿಂದ ಬಂದಿದ್ದು ಹಿಂದಿನ ದಿನ. ಹಣೆಯ ತುಂಬ ವಿಭೂತಿ, ಇಳಿದುಹೋದ ಮುಖ. ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ.

"ಹಬ್ಬದ ಸಜ್ಜಿ ರೊಟ್ಟಿ ಅದಾವು, ತಿಂತೀರೇನ್ರೀ? ಮಗ್ಗಲ ಮನಿಯಾಕಿ ಮಾಡಿಕೊಟ್ಟಾಳ. ಇಲ್ಲಾಂದ್ರ ಚಹಾನರ ಕುಡೀರಿ."

"ನೀವು ಕುಡದ್ರೇನು ಅಮ್ಮಾರೆ?" ದಾವಲ್‌ಬೀ ಕೇಳಿದರು.

"ಮುಂಜಾನಿ ಆತ್ರೀ, ಪೂಜಿ ಆದಮ್ಯಾಲ."

"ಪೂಜಿ ಎಷ್ಟೊತ್ತಿಗೆ ಮುಗೀತೈತಿ?"

"ಎಂಟೂವರಿ. ಸೋಮಾರ ಒಂಬತ್ತು."

"ಅದಕ್ಕಿಂತ ಮೊದಲು?"

"ಹನಿ ನೀರು ಸುದ್ದಾ ಇಲ್ರೀ. ಐವತ್ತು ವರ್ಷದಾಗ ಒಂದು ದಿನ ತಪ್ಪಿಲ್ಲ. ಕೊಚ್ಚ್ಯಾಗ ಕೋಣ್ಯಾಗ ಹಾಕಿದಾಗೂ ತಪ್ಪಿಲ್ಲ."

ಯಂಕೋಬ ಫಾರ್ಮಿನ ನಕಲನ್ನು ಆಕೆಯ ಮುಂದಿಟ್ಟು ಏಳನೆಯ ಕಾಲಮಿನ ಮೇಲೆ ಬೆರಳಿಟ್ಟರು. ಬಸವಣ್ಣೆಮ್ಮ ಓದಿದರು. ಪೂಜೆಯ ವಿಷಯದಲ್ಲಿ ಸುಳ್ಳು ಹೇಳಲು ಆಕೆಗೆ ಬರುತ್ತಿರಲಿಲ್ಲ. ಹೇಳಿದ ಮಾತನ್ನು ಹಿಂದೆಗೆದುಕೊಳ್ಳಲೂ ಇಲ್ಲ.

"ತಪ್ಪು ನಂದ ಅಂತ ಬರಕೋರಿ. ನನ್ನ ಹಿಡಕೊಂಡು ಹೋಗ್ರಿ."

"ನಿಮ್ಮ ಹೆಸರಲೆ ಕಡ್ಡಿ ಹಾಕಿಸಿಕೊಂಡೋರು ಯಾರು?"

ಬಸವಣ್ಣೆಮ್ಮ ಫಾರ್ಮಿನ ನಕಲನ್ನು ಮಡಚಿ ಅವರತ್ತ ಸರಿಸಿದರು.

"ನೀವು ಹೇಳದಿದ್ರ ಟೆಕ್ನಿಷಿಯನ್ ಹುಲಿಗೇಶನ ಮ್ಯಾಲಿನ ಕೇಸ್ ಹಂಗ ಉಳೀತೈತಿ. ಆಗಲೇ ಕೆಲಸದಿಂದ ತಗದಾರ. ಇನ್ನ ಮ್ಯಾಲ ಯಾವ ಲ್ಯಾಬಿನ್ಯಾಗೂ ಅವನಿಗೆ ಕೆಲಸ ಸಿಗಂಗಿಲ್ಲ."

ಪಡಸಾಲೆಯ ಗೋಡೆಯಲ್ಲಿ ಎರಡು ಮನೆಗಳಿಗೂ ಸೇರಿದ ಸಣ್ಣ ಕಿಟಕಿಯಿತ್ತು. ಆಚೆ ಪಾತ್ರೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಅದೇ ವಯಸ್ಸಿನ, ಅದೇ ಮೈಕಟ್ಟಿನ ಹೆಂಗಸೊಬ್ಬರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ಬಂದು ನಿಂತರು.

"ಆ ಚಹಾ ನಾ ಕುಡದೀನ್ರೀ ಸಾಹೇಬ್ರ. ನನ್ನ ಹೆಸರು ರಹೀಮಾಬೀ."

"ಸುಮ್ಕಿರ್ ಬೇ ರಹೀಮಾ," ಎಂದರು ಬಸವಣ್ಣೆಮ್ಮ.

"ಎಷ್ಟಂತ ಸುಮ್ಕಿರ್ಲಿ ಅಕ್ಕಾ? ಕಡ್ಡಿ ಹಾಕುವಾಗ ಆ ಹುಡುಗ, 'ಅಮ್ಮಾ, ಒಂದೀಟು ತ್ರಾಸ ಆಕ್ಕೈತಿ, ತಡಕೋರಿ' ಅಂದ. ಅವನ ಹೊಟ್ಟಿ ಮ್ಯಾಲ ಹೊಡೀಲೇನು? ಚಹಾ ಕುಡದ್ರೇನು ಅಂತ ಕೇಳಿದ, ಹೌದಂದೆ. ಹಾಳಾದ ಚಹಾ, ಬರೇ ಸಕ್ರಿ ನೀರು. ಅದರ ಸಂಬಂಧ ಸಿಕ್ಕಿಬಿದ್ದಿವಿ ನೋಡು."

"ಇವರಿಗೆ ರೋಗ ಇತ್ತಂತ ನಿಮಗ ಗೊತ್ತಿತ್ತೇನು?" ಯಂಕೋಬ ಕೇಳಿದರು.

"ಜ್ವರ ಅಂತ ಗೊತ್ತಿತ್ರೀ."

ಬಸವಣ್ಣೆಮ್ಮ ಅಡ್ಡ ಬಂದರು. "ನನಗ ರೋಗಾನ ಅಂತ ಅನಿಸಿತ್ರೀ. ಗಂಧದ ಕಡ್ಡಿ ವಾಸನಿ ಹೊಂಟಿದ್ದಿಲ್ಲ. ಅದಕ್ಕ ಇಕೀನ್ನ ಕಳಿಸಿದೆ."

"ನಿಮ್ಮ ಸಂಬಂಧ ಹದಿನಾಲ್ಕು ಮಂದಿ ಬಂದರಿನಾಗ ಉಳಿದ್ರು. ಮೂರು ಮಂದಿಗೆ ನಿಮ್ಮ ರೋಗ ಹತ್ತಿತು."

"ಹತ್ತಿತ್ರೀ. ಮೂವರಿಗೂ ದಿನಾ ಫೋನ್ ಮಾಡೀನಿ. ಒಬ್ಬಾಕಿ ಬೈದು ಇಟ್ಟಳು, ಇಬ್ಬರು ಮಾತಾಡಿದ್ರು. ಮೂವರೂ ಆರಾಮಾದ್ರು." ಆಕೆಯ ಕಣ್ಣು ನೆಲದ ಮೇಲಿತ್ತು. "ತಪ್ಪು ತಪ್ಪ."

ರಹೀಮಾಬೀಯ ಹೇಳಿಕೆಯನ್ನು ದಾವಲ್‌ಬೀ ಬರೆದುಕೊಂಡರು. ಶಿವರಂಜನಿ ಹುಟ್ಟಿದಾಗ ತಾಯಿಗೆ ಬಾಣಂತಿ ಜ್ವರ ಬಂದು ಎದೆಹಾಲು ನಿಂತುಹೋಗಿತ್ತು. ಗೋಡೆಯಾಚೆ ರಹೀಮಾಬೀಗೆ ವಸೀಮಾ ಹುಟ್ಟಿ ಇಪ್ಪತ್ತು ದಿನವಾಗಿತ್ತು.

"ಎರಡು ತಿಂಗಳು ಒಂದು ಕಡಿ ವಸೀಮಾ, ಒಂದು ಕಡಿ ಇಕಿ. ವಸೀಮಾ ಹೊಟ್ಟಿಬಾಕಿ, ಒದೀತಿದ್ಲು. ಇದು ಪಾಪ, ಕೊಟ್ಟಷ್ಟು ಕುಡೀತಿತ್ತು. ಅದು ಇಪ್ಪತ್ತೆರಡು ತಿಂಗಳು ನೆಲಾನ ತುಳಿದಿಲ್ಲ ಅಂತ ಅಕ್ಕ ಹೇಳಿದ್ಲು ಸಾಹೇಬ್ರ. ನನಗ ಪಾಸ್‌ಪೋರ್ಟ್ ಇಲ್ಲ. ಇಬ್ಬರಾಗ ಒಬ್ಬಾಕಿ ಆದ್ರೂ ನೋಡಿ ಬರಲಿ ಅಂತ ಹೋದೆ."

ಫಾರ್ಮಿನ ಹೆಬ್ಬಟ್ಟು ರಹೀಮಾಬೀಯ ಎಡಗೈಯದೆಂದು ಬೆರಳಚ್ಚು ತಜ್ಞರು ೧೭ರಂದು ಲಿಖಿತವಾಗಿ ತಿಳಿಸಿದರು. ಅದೇ ದಿನ ಸಂಜೆ ೪.೪೦ಕ್ಕೆ, ಸೂರ್ಯಾಸ್ತಕ್ಕೆ ಮುಂಚೆ, ಹೆಡ್ ಕಾನ್‌ಸ್ಟೆಬಲ್ ದಾವಲ್‌ಬೀ ಸಮಕ್ಷಮ ಇಬ್ಬರನ್ನೂ ದಸ್ತಗಿರಿ ಮಾಡಲಾಯಿತು. ಬೇರೊಬ್ಬರ ಹೆಸರಿನಲ್ಲಿ ನಟಿಸಿದ್ದು, ಸೋಂಕು ಹರಡುವ ನಿರ್ಲಕ್ಷ್ಯ, ಸಾಂಕ್ರಾಮಿಕ ರೋಗಗಳ ಕಾಯಿದೆ. ಎಲ್ಲವೂ ಜಾಮೀನು ಸಿಗುವ ಕಲಮುಗಳು. ಹುಲಿಗೇಶನ ಹೆಸರು ಕೈಬಿಡಬೇಕೆಂದು ನ್ಯಾಯಾಲಯಕ್ಕೆ ವರದಿ ಹೋಯಿತು. ಅದರ ನಕಲನ್ನು ಯಂಕೋಬ ತಾವೇ ಕೇಂದ್ರದ ಮಾಲೀಕರಿಗೆ ಮುಟ್ಟಿಸಿದರು.

ಜಾಮೀನಿನ ಕಾಗದಕ್ಕೆ ಕಾಯುತ್ತ ಇಬ್ಬರೂ ಠಾಣೆಯ ಬೆಂಚಿನ ಮೇಲೆ ಕೂತಿದ್ದರು. ಒಳಗೆ ಯಂಕೋಬ ಕೇಸ್ ಡೈರಿ ಬರೆಯುತ್ತಿದ್ದರು. 'ಸಿಬ್ಬಂದಿಯ ನಿಯಮದಿಂದಾಗಿ ದಡಕ್ಕಿಳಿಯಲಾಗದ ಮಗಳನ್ನು ಕಾಣುವುದರ ಹೊರತು, ಈ ಕೃತ್ಯದ ಹಿಂದೆ ಆರೋಪಿತರಿಗೆ ಬೇರೆ ಯಾವ ಉದ್ದೇಶವೂ ತನಿಖೆಯಲ್ಲಿ ಕಂಡುಬಂದಿಲ್ಲ.' ಹೊರಗಿನ ಮಾತು ಕೇಳುತ್ತಿತ್ತು.

"ಆ ಹಡಗು ಖರೇನ ಅಷ್ಟು ದೊಡ್ಡದೈತೇನಕ್ಕಾ?"

"ನಮ್ಮ ಮಲ್ಲಯ್ಯನ ಗುಡ್ಡ ಎದ್ದು ನೀರಾಗ ನಿಂತಂಗ ಐತಿ. ಕುತ್ತಿಗಿ ಎತ್ತಿ ನೋಡಿದ್ರ ಸೆರಗು ಜಾರತೈತಿ."

"ಅಷ್ಟು ದೊಡ್ಡದರಾಗಿಂದ ನಮ್ಮಾಕೀನ ಇಳಿದು ಬಂದ್ಲಾ ನಿನ್ನ ಮುಂದ?"

"ಬಂದ್ಲು. ಮೈ ತುಂಬ ಬಿಳಿ ಪ್ಲಾಸ್ಟಿಕ್ಕು, ಕಣ್ಣಿಗೆ ಗಾಜು. ಮೊದಲಿಗೆ ಗುರುತು ಸಿಗಲಿಲ್ಲ. ಜ್ವರ ಐತೇನು ಅಂದಾಗ ದನಿ ಗುರುತು ಹಿಡದೆ, ಆಕಿ ಮುಂದ ಸುಳ್ಳು ಹೇಳಾಕ ಆಗಲಿಲ್ಲ. ಎರಡು ಸಲ ಕಡ್ಡಿ ಹಾಕಿದ್ಲು. ಮೂರು ನಿಮಿಷ ಆಗಿರಬೇಕು."

"ಮುಟ್ಟಿದ್ಲೇನು?"

ಒಳಗೆ ಯಂಕೋಬ ಬರೆಯುವುದನ್ನು ನಿಲ್ಲಿಸಿದರು.

"ಕಡ್ಡಿ ಹಾಕಬೇಕಂದ್ರ ಗದ್ದ ಹಿಡೀಬೇಕಲ್ಲ," ಎಂದರು ಬಸವಣ್ಣೆಮ್ಮ. "ಕಡ್ಡಿ ತಗದಮ್ಯಾಲೂ ಒಂದೀಟು ಹೊತ್ತು ಹಂಗ ಹಿಡಕೊಂಡಿದ್ಲು."